ಗಲ್ಲೆಯ ಕೀಲಿ ಯಾರ ಕೈಯಲ್ಲಿ, ಲೆಕ್ಕ ಯಾರ ಮುಂದೆ?

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟ ಮನೆತನ. ಎಪ್ಪತ್ತು ದಾಟಿದ ಯಜಮಾನರು, ಇಪ್ಪತ್ತು ವರ್ಷ ಅಂಗಡಿಯಲ್ಲೇ ಸವೆದ ಹಿರಿಯ ಮಗ, ಬೆಂಗಳೂರಿನ ಖಾಸಗಿ ಕಂಪನಿಯಲ್ಲಿರುವ ಕಿರಿಯ ಮಗ, ಗದಗಕ್ಕೆ ಕೊಟ್ಟ ಮಗಳು. ಯಜಮಾನರಿಗೆ ಲಘು ಪಾರ್ಶ್ವವಾಯು ಆದ ಮೇಲೆ ಮುಂದೆ ಅಂಗಡಿ ಯಾರದು ಎಂಬ ಮಾತು ಎದ್ದಿತು. ಕಿರಿಯವನು ಲೆಕ್ಕ ಕೇಳಿದ. ಹಿರಿಯವನು ಊಟ ಬಿಟ್ಟು ಎದ್ದ. ಮನೆತನದ ವ್ಯವಹಾರಗಳಿಗೆ ಸಲಹೆ ಕೊಡುವ ನನ್ನ ಬಳಿ ಮೊದಲು ಬಂದವರು ತಾಯಿ. "ಸೋಮವಾರ, ಗುರುವಾರ ಪೇಟೆಯ ದಿನ ಮನೆಯಲ್ಲಿ ಯಾರಿಗೂ ಮಾತಾಡಲು ಪುರುಸೊತ್ತಿರುತ್ತಿರಲಿಲ್ಲ. ಈಗ ಉಳಿದ ದಿನಗಳಲ್ಲೂ ಮಾತಿಲ್ಲ" ಎಂದರು.

ಹಿರಿಯ ಮಗನನ್ನು ಒಬ್ಬನನ್ನೇ ಕೂರಿಸಿ ಕೇಳಿದೆ. ರೈತರಿಗೆ ಮುಂಗಡ ಕೊಡುವುದು, ಮೆಣಸಿನಕಾಯಿಯಲ್ಲಿ ಡಬ್ಬಿ ತಳಿ ಯಾವುದು ಕಡ್ಡಿ ತಳಿ ಯಾವುದು ಎಂದು ಚೀಲ ಚೀಲ ನೋಡುವುದು, ಖರೀದಿದಾರರ ಹಣ ಬರುವವರೆಗೆ ಬ್ಯಾಂಕಿನ ಸಾಲದ ಮೇಲೆ ದಿನ ದೂಡುವುದು, ಎಲ್ಲವೂ ಇವರದೇ. ಒಂದು ದಿನವೂ ಸಂಬಳ ಎಂದು ಪಡೆದವರಲ್ಲ. ಮನೆಖರ್ಚು, ಮಕ್ಕಳ ಶುಲ್ಕ ಎಲ್ಲ ಗಲ್ಲೆಯಿಂದಲೇ. "ಲೆಕ್ಕ ಕೇಳಿದನೆಂದರೆ ನನ್ನನ್ನು ಕಳ್ಳ ಎಂದ ಹಾಗಲ್ಲವೇ ಮೇಡಂ?" ಎಂದರು. ತಮ್ಮನದೂ ಸುಳ್ಳಲ್ಲ: "ಅಂಗಡಿಯ ಸಾಲಕ್ಕೆ ನಾನೂ ಜಾಮೀನು ಸಹಿ ಹಾಕಿದ್ದೇನೆ. ಎಷ್ಟು ಬಾಕಿ ಇದೆ ಎಂದು ಕೇಳಲೂಬಾರದೇ?"

ನಾನು ಹೇಳಿದ್ದು ಇಷ್ಟು: ದುಡಿಮೆಗೆ ಕೊಡುವ ಸಂಬಳ ಬೇರೆ, ಒಡೆತನಕ್ಕೆ ಬರುವ ಪಾಲು ಬೇರೆ. ಎರಡನ್ನೂ ಒಂದೇ ಗಲ್ಲೆಯಿಂದ ತೆಗೆಯುತ್ತ ಹೋದರೆ ದುಡಿದವನಿಗೆ ಅನ್ಯಾಯವಾಯಿತೋ, ದೂರವಿದ್ದವನಿಗೆ ಆಯಿತೋ ಯಾರಿಗೂ ತಿಳಿಯುವುದಿಲ್ಲ. ಅಂಗಡಿಯ ಲೆಕ್ಕ ಬರೆಯುವ ಹಳೆಯ ದಿವಾಣಜಿಯವರು ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕಗಳನ್ನು ತಂದರು. ಎಲ್ಲರೂ ಕೂಡಿ ಪುಟ ತಿರುವಿದಾಗ ಹಿರಿಯ ಮಗ ವರ್ಷಕ್ಕೆ ಪಡೆದದ್ದು ಹೊರಗಿನ ಮ್ಯಾನೇಜರನಿಗೆ ಕೊಡಬೇಕಾದ್ದಕ್ಕಿಂತ ಕಡಿಮೆ ಎಂದು ಕಂಡಿತು. ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆದರೆ ಅದೇ ಪುಸ್ತಕದಲ್ಲಿ ಹಿರಿಯ ಮಗ ತನ್ನ ಹೆಂಡತಿಯ ಅಣ್ಣನಿಗೆ ಕೊಟ್ಟ ಆರು ಲಕ್ಷವೂ ಇತ್ತು, ಯಜಮಾನರು ಅಂಗಡಿಯ ಹಣದಿಂದ ತಮ್ಮದೇ ಹೆಸರಿನಲ್ಲಿ ಕೊಂಡ ನಿವೇಶನವೂ ಇತ್ತು. ಮಕ್ಕಳಿಂದ ಲೆಕ್ಕ ಬಯಸುವ ತಂದೆ ತಾನೂ ಲೆಕ್ಕ ಕೊಡಬೇಕು ಎಂದು ನಾನು ಅವರ ಎದುರಿಗೇ ಹೇಳಿದೆ. ವಯಸ್ಸಾದವರಿಗೆ ಹೀಗೆ ಹೇಳುವುದು ಸುಲಭವಲ್ಲ, ಹೇಳದೆ ಇರುವುದೂ ಸರಿಯಲ್ಲ.

ಇದಕ್ಕಿಂತ ತುರ್ತಾದದ್ದು 1998ರ ಪಾಲುದಾರಿಕೆ ಪತ್ರ. ಪಾಲುದಾರರು ತಂದೆ ಮತ್ತು ಹಿರಿಯ ಮಗ, ಇಬ್ಬರೇ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಒಬ್ಬ ಪಾಲುದಾರ ತೀರಿಕೊಂಡೊಡನೆ ಸಂಸ್ಥೆ ವಿಸರ್ಜನೆಯಾಗುತ್ತದೆ. ಇಬ್ಬರೇ ಇದ್ದಲ್ಲಿ ಕರಾರು ಇದ್ದರೂ ಉಪಯೋಗವಿಲ್ಲ, ಒಬ್ಬರೇ ಪಾಲುದಾರಿಕೆ ನಡೆಸಲಾಗದು. ಮಾರುಕಟ್ಟೆಯ ಪರವಾನಗಿ, ಜಿಎಸ್‌ಟಿ ನೋಂದಣಿ, ಬ್ಯಾಂಕ್ ಖಾತೆ ಎಲ್ಲವೂ ಆ ಸಂಸ್ಥೆಯ ಹೆಸರಿನಲ್ಲಿವೆ. ಸುಗ್ಗಿಯ ನಡುವೆ ಹಾಗಾದರೆ ಮೆಣಸಿನಕಾಯಿ ಹಾಕಿದ ರೈತರ ಹಣ ಸಿಕ್ಕಿಕೊಳ್ಳುತ್ತದೆ. ಯಜಮಾನರು ಇರುವಾಗಲೇ ಮೂರನೆಯ ಪಾಲುದಾರರನ್ನು ಸೇರಿಸಿ, ಪತ್ರವನ್ನು ಹೊಸದಾಗಿ ಬರೆಸಿ ಎಂದೆ.

ಮಗಳ ವಿಷಯವನ್ನು ಯಾರೂ ಎತ್ತಿರಲಿಲ್ಲ. ಆಕೆಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಲು ಛಾಪಾಕಾಗದ ಸಿದ್ಧವಾಗಿತ್ತು. ಬದಲಿಗೆ "ಅರಿಶಿನ ಕುಂಕುಮಕ್ಕೆ" ಎಂದು ಒಂದಿಷ್ಟು ಹಣ. ಆಕೆಗೆ ನೇರವಾಗಿ ಹೇಳಿದೆ: "ಲೆಕ್ಕ ನೋಡದೆ ಸಹಿ ಹಾಕಬೇಡ ತಂಗಿ." ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಸ್ಪಷ್ಟಪಡಿಸಿತು. ಆಸ್ತಿ ತಂದೆಯ ಸ್ವಯಾರ್ಜಿತವಾದರೆ ಅವರು ಬಯಸಿದವರಿಗೆ ಉಯಿಲು ಬರೆಯಬಹುದು, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ. ಈ ಅಂಗಡಿ ಯಾವ ಬಗೆಯದು ಎಂಬುದನ್ನು ಹಾವೇರಿಯ ವಕೀಲರು ಹಳೆಯ ಕಾಗದಪತ್ರ ನೋಡಿ ಹೇಳಬೇಕು. ಅದು ನನ್ನ ಕೆಲಸವಲ್ಲ. ಆಕೆ ಬಿ.ಕಾಂ. ಓದಿದವಳು, ಗಂಡನ ಅಂಗಡಿಯ ಲೆಕ್ಕ ಬರೆಯುತ್ತಾಳೆ. ಮೂರನೆಯ ಪಾಲುದಾರಳಾಗಿ ಆಕೆಯನ್ನೇ ಏಕೆ ಯೋಚಿಸಬಾರದು ಎಂದು ಕೇಳಿದಾಗ ಯಜಮಾನರು "ಕೊಟ್ಟ ಹೆಣ್ಣು" ಎಂದು ಮುಖ ತಿರುಗಿಸಿದರು. ತಾಯಿ ಮಾತ್ರ "ಕೊಟ್ಟದ್ದು ಮದುವೆ ಮಾಡಿ, ಮಾರಿ ಅಲ್ಲ" ಎಂದರು.

ಈಗ ಹಿರಿಯ ಮಗನಿಗೆ ತಿಂಗಳ ಸಂಬಳ ನಿಗದಿಯಾಗಿದೆ, ಅದು ಬ್ಯಾಂಕಿನ ಮೂಲಕವೇ ಹೋಗುತ್ತದೆ. ಪ್ರತಿ ತಿಂಗಳ ಮೊದಲ ವಾರ ಜಮಾ-ಖರ್ಚು ಮತ್ತು ಸಾಲದ ಬಾಕಿಯ ಒಂದು ಪುಟ ತಾಯಿಗೂ ಮೂವರು ಮಕ್ಕಳಿಗೂ ತಲುಪುತ್ತದೆ. ಐವತ್ತು ಸಾವಿರಕ್ಕೆ ಮೀರಿದ ಕೈಸಾಲಕ್ಕೆ ತಂದೆ ಮತ್ತು ಹಿರಿಯ ಮಗ ಇಬ್ಬರದೂ ಸಹಿ ಬೇಕು. ಬಿಡುಗಡೆ ಪತ್ರ ಹರಿದುಹೋಯಿತು, ಹೊಸ ಪಾಲುದಾರಿಕೆ ಪತ್ರ ಇನ್ನೂ ಆಗಿಲ್ಲ. ಆರು ಲಕ್ಷದ ವಿಷಯದಲ್ಲಿ ನನ್ನ ಸಲಹೆ ಹಿರಿಯ ಮಗನಿಗೆ ಹಿಡಿಸಿಲ್ಲ: ಅದನ್ನು ನಿಮ್ಮ ಹೆಸರಿನ ಸಾಲ ಎಂದು ಬರೆದು ಸಂಬಳದಿಂದ ಕಂತು ಕಟ್ಟಿ ಎಂದಿದ್ದೇನೆ. ಅವರು ಒಪ್ಪುವವರೆಗೂ ನಾನು ಅದನ್ನೇ ಹೇಳುತ್ತೇನೆ.