ಬರ್ಗಂಡಿಯ ವೈನ್ ಮನೆತನದವರು ರೆಸ್ಟೋರೆಂಟ್ ಊಟದಲ್ಲಿ ಒಂದೇ ದ್ರಾಕ್ಷಿಯ ಐದಾರು ವೈನ್ ಯಾಕೆ ಬಡಿಸುತ್ತಾರೆ?

ಜಾಗ ಬದಲಾದರೆ ರುಚಿ ಬದಲಾಗುತ್ತದೆ ಎಂದು ತೋರಿಸಲಿಕ್ಕೆ. ಫ್ರಾನ್ಸಿನ ಬರ್ಗಂಡಿಯಲ್ಲಿ ಕೆಂಪು ವೈನ್ ಹೆಚ್ಚಾಗಿ ಪಿನೋ ನ್ವಾರ್ ದ್ರಾಕ್ಷಿಯದು, ಬಿಳಿಯದು ಶಾರ್ಡನೆಯದು. ತಳಿ ಒಂದೇ ಅಲ್ವಾ? ಅದಕ್ಕೇ ಲೇಬಲ್ ಮೇಲೆ ದೊಡ್ಡದಾಗಿ ಕಾಣುವುದು ಊರಿನ ಅಥವಾ ತೋಟದ ಹೆಸರು.

ಅಲ್ಲಿನ ಗುಡ್ಡದ ಇಳಿಜಾರಿನ ನಡುಭಾಗದಲ್ಲಿ ಸುಣ್ಣಕಲ್ಲಿನ ಮಣ್ಣು. ನೀರು ಬೇಗ ಬಸಿಯುತ್ತದೆ, ಬಿಸಿಲು ಚೆನ್ನಾಗಿ ಬೀಳುತ್ತದೆ, ಹಣ್ಣು ಹದವಾಗಿ ಮಾಗುತ್ತದೆ. ಕೆಳಗಿನ ಬಯಲಲ್ಲಿ ಮಣ್ಣು ಆಳ, ತೇವ ಜಾಸ್ತಿ. ಅಲ್ಲಿನ ವೈನ್ ಸಾಮಾನ್ಯವಾಗಿ ಸ್ವಲ್ಪ ಸಾದಾ. ಹೀಗೆ ಗುರುತಿಸಿ ಹೆಸರಿಟ್ಟ ತುಂಡುಗಳಿಗೆ ಅಲ್ಲಿ ‘ಕ್ಲಿಮಾ’ ಎನ್ನುತ್ತಾರೆ.

ಒಂದೇ ಮನೆಯವರ ಹತ್ತಿರ ಇಷ್ಟು ಬಗೆ ಹೇಗೆ? ಇದು ನನಗೆ ತುಂಬ ಇಷ್ಟವಾದ ಭಾಗ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮಠಗಳ ತೋಟಗಳನ್ನು ಕಿತ್ತುಕೊಂಡು ಮಾರಿದರು. 1804ರ ನೆಪೋಲಿಯನ್ ಕಾನೂನು ಆಸ್ತಿಯಲ್ಲಿ ಮಕ್ಕಳೆಲ್ಲರಿಗೂ ಪಾಲು ಕೊಟ್ಟಿತು. ತಲೆಮಾರು ಕಳೆದಂತೆ ತೋಟ ಹರಿದು ಹಂಚಿಹೋಯಿತು, ನಮ್ಮಲ್ಲಿ ಹಿಸ್ಸೆಯಾದ ಜಮೀನಿನ ಹಾಗೆಯೇ. ಸುಮಾರು 50 ಹೆಕ್ಟೇರಿನ ಕ್ಲೋ ದ ವೂಜೋ ತೋಟಕ್ಕೆ ಈಗ 80ರಷ್ಟು ಒಡೆಯರು. ಹಾಗಾಗಿ ಒಂದು ಕುಟುಂಬಕ್ಕೆ ಇಲ್ಲಿ ಕೆಲವು ಸಾಲು, ಪಕ್ಕದ ಊರಲ್ಲಿ ಇನ್ನೊಂದು ತುಂಡು.

ಅಂಥ ಊಟಕ್ಕೆ ಹೋದರೆ ಮೊದಲ ಗ್ಲಾಸನ್ನು ಪೂರ್ತಿ ಖಾಲಿ ಮಾಡಬೇಡಿ. ಮುಂದಿನದರ ಪಕ್ಕ ಇಟ್ಟು ಕುಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.