ಬ್ರೇಕ್ ಶೂ ಹಾಕ್ಸೋ ಮುಂಚೆ ಫೋರ್ಕ್ ನೋಡಿ

ಪ್ರಶ್ನೆ: ನಮ್ಮಪ್ಪನ ಯೆಜ್ಡಿ ರೋಡ್‌ಕಿಂಗ್ ಹತ್ತು ಹನ್ನೆರಡು ವರ್ಷ ಕಾಫಿ ಗೋಡೌನ್ ಮೂಲೇಲಿ ನಿಂತಿತ್ತು, ಹೋದ ವರ್ಷ ರೆಡಿ ಮಾಡಿಸ್ದೆ. ಮುಂದಿನ ಬ್ರೇಕ್ ಹಿಡಿಯೋದೇ ಇಲ್ಲ ಸಾರ್. ಎರಡು ಸಲ ಶೂ ಹಾಕ್ಸಿದೀನಿ, ಒಂದು ತಿಂಗಳು ಚೆನ್ನಾಗಿರುತ್ತೆ ಆಮೇಲೆ ಮತ್ತೆ ಅದೇ. ಮೊನ್ನೆ ಸೀತಾಳಯ್ಯನಗಿರಿಯಿಂದ ಕೈಮರಕ್ಕೆ ಇಳಿಯುವಾಗ ಜೀವ ಬಾಯಿಗೆ ಬಂದಿತ್ತು. ಡ್ರಮ್ ಬ್ರೇಕೇ ಇಷ್ಟು ಅಂತಾರೆ ಮೆಕ್ಯಾನಿಕ್, ಹೌದಾ?
— ಆಲ್ದೂರಿನ ಓದುಗರು

ಉತ್ತರ: ಅಲ್ಲ. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕೋ ತನಕ ಈ ಗಾಡಿಗಳು ಇದೇ ಡ್ರಮ್ಮಲ್ಲಿ ನಮ್ಮ ಘಾಟಿಗಳನ್ನ ಹತ್ತಿ ಇಳಿದಿವೆ. ನೀವು ಬರೆದಿರೋದ್ರಲ್ಲಿ ಆ 'ಒಂದು ತಿಂಗಳು' ಅನ್ನೋದೇ ಮುಖ್ಯ. ಚಕ್ರದ ನಡುವಿನ ಡ್ರಮ್ಮಿಗೆ ಒಳಗಿಂದ ಒತ್ತಿ ಗಾಡಿ ನಿಲ್ಲಿಸೋ ಹೊಸ ಶೂ ತಿಂಗಳಲ್ಲಿ ಸವೆಯಲ್ಲ, ಅದು ಆಯಿಲ್ ಕುಡೀತಿದೆ. ಮುಂದಿನ ಚಕ್ರ ಹಿಡಿದಿರೋ ಎರಡು ಫೋರ್ಕ್ ಕಾಲಲ್ಲೂ ಒಳಗೆ ಆಯಿಲ್ ಇರುತ್ತೆ. ಡ್ರಮ್ ಇರೋ ಕಡೆ ಫೋರ್ಕ್ ಕಾಲನ್ನ ಮೇಲಿಂದ ಕೆಳಗೆ ಬೆರಳಲ್ಲಿ ಸವರಿ ನೋಡಿ, ಧೂಳು ಸೇರಿ ಕಪ್ಪು ಅಂಟು ಹತ್ತಿದ್ರೆ ಆಯಿಲ್ ತಡೆಯೋ ರಬ್ಬರ್ ಸೀಲ್ ಹೋಗಿದೆ ಅಂತ ಅರ್ಥ, ಅಲ್ಲಿಂದ ಆಯಿಲ್ ಇಳಿದು ಬ್ರೇಕ್ ಪ್ಲೇಟ್ ಸಂದಿಲಿ ಒಳಗೆ ಹೋಗುತ್ತೆ. ಫೋರ್ಕ್ ಒಣಗಿದ್ರೆ ಮಾತ್ರ ವೀಲ್ ಬೇರಿಂಗ್ ಗ್ರೀಸ್ ಮೇಲೆ ಅನುಮಾನ ಪಡಿ. ಆಯಿಲ್ ಕುಡಿದ ಲೈನರನ್ನ, ಅಂದ್ರೆ ಶೂ ಮೇಲಿರೋ ಉಜ್ಜೋ ಪಟ್ಟಿನ, ಪೆಟ್ರೋಲಲ್ಲಿ ತೊಳೆದ್ರೆ ಮೇಲ್ಮೇಲೆ ಕ್ಲೀನ್ ಕಾಣುತ್ತೆ ಅಷ್ಟೆ, ಎರಡು ತಿರುವು ಇಳಿದು ಬಿಸಿ ಆದ ತಕ್ಷಣ ಒಳಗಿಂದ ಮತ್ತೆ ಬೆವರುತ್ತೆ. ಅದನ್ನ ಎಸೀರಿ.

ಈಗ ಸೀಲ್ ಯಾಕೆ ಹೋಯ್ತು? ಮಲೆನಾಡ ಮಳೆಗಾಲದ ಥಂಡಿಲಿ ಅಷ್ಟು ವರ್ಷ ನಿಂತ ಗಾಡಿ ಫೋರ್ಕ್ ಪೈಪಲ್ಲಿ ಸಾಸಿವೆ ಕಾಳಿನಷ್ಟು ತುಕ್ಕಿನ ಗುಂಡಿ ಬಿದ್ದೇ ಇರುತ್ತೆ. ಪೈಪ್ ಮೇಲೆ ಉಗುರು ಎಳೀರಿ, ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲೇ ಸೀಲ್ ತುಟಿ ಹರಿಯೋದು. ನಾನೂ ಒಂದ್ಸಲ ಇದನ್ನ ನೋಡ್ದೆ ಹೊಸ ಸೀಲ್ ಹಾಕಿ ಮೀಸೆ ತಿರುವಿಕೊಂಡೆ, ಬೇಲೂರು ಮುಟ್ಟೋಷ್ಟರಲ್ಲಿ ಬೂಟ್ ಮೇಲೆಲ್ಲ ಆಯಿಲ್. ಒಂದೆರಡು ಸಣ್ಣ ಗುಂಡಿ ಆದ್ರೆ ಅರಾಲ್ಡೈಟ್ ತುಂಬಿ ಒಣಗಿದ ಮೇಲೆ ನೈಸ್ ವಾಟರ್ ಪೇಪರಲ್ಲಿ ಉಜ್ಜಿ, ನಡೆಯುತ್ತೆ. ಜಾಸ್ತಿ ಇದ್ರೆ ಹಾರ್ಡ್ ಕ್ರೋಮ್ ಮಾಡಿಸಿ ಗ್ರೈಂಡ್ ಮಾಡಿಸ್ಬೇಕು, ಶೋಗೆ ಮಾಡೋ ನಿಕ್ಕಲ್ ಪಾಲಿಶ್ ಅಲ್ಲ. ಪೈಪ್ ಬಿಚ್ಚಿದಾಗ ದಪ್ಪ ಗಾಜಿನ ಮೇಲೆ ಉರುಳಿಸಿ ನೋಡಿ, ಬೆಂಡ್ ಇದ್ರೆ ಕಣ್ಣಿಗೇ ಕಾಣುತ್ತೆ.

ಹಳೇ ಆಯಿಲ್ ಬಗ್ಗಿಸುವಾಗ ಕೊಳೆತ ಮೀನಿನ ವಾಸನೆ ಬರುತ್ತೆ, ಗಾಬರಿ ಬೇಡ. ಬಂದಷ್ಟೇ ಹೊಸದು ಹಾಕಿದ್ರಾಯ್ತು ಅಂತ ಮಾತ್ರ ಮಾಡ್ಬೇಡಿ, ಸೋರಿ ಉಳಿದಿದ್ದಲ್ವಾ ಅದು. ಮ್ಯಾನ್ಯುಯಲಲ್ಲಿ ಇರೋ ಅಳತೆನ ಮಕ್ಕಳ ಔಷಧಿ ಸಿರಿಂಜಲ್ಲಿ ಅಳೆದು ಎರಡೂ ಕಾಲಿಗೆ ಸಮ ಹಾಕಿ. ಸೀಲ್ ಇಳಿಸುವಾಗ ಪೈಪ್ ತುದಿಗೆ ಹಾಲಿನ ಕವರ್ ಸುತ್ತಿ ಆಯಿಲ್ ಸವರಿದ್ರೆ ತುಟಿ ಕುಯ್ಯಲ್ಲ. ಸ್ಪ್ರಿಂಗ್ ಇರೋ ಮುಖ ಕೆಳಗೆ, ಆಯಿಲ್ ಕಡೆಗೆ. ಅಂಗಡಿಲಿ ಒರಿಜಿನಲ್ ಸೀಲ್ ಸಿಗದಿದ್ರೆ ಹಳೇದ್ರ ಮೇಲಿರೋ ಮೂರು ನಂಬರ್ ತಗೊಂಡು ಹೋಗಿ, ಒಳ ಅಳತೆ ಹೊರ ಅಳತೆ ದಪ್ಪ, ಚಿಕ್ಕಮಗಳೂರಲ್ಲಿ ಇಲ್ದಿದ್ರೆ ಹಾಸನದ ಬೇರಿಂಗ್ ಅಂಗಡಿಗಳಲ್ಲಿ ಕೇಳಿ.

ಆಮೇಲೆ ಬ್ರೇಕು. ಹೊಸ ಲೈನರ್ ಮೇಲೆ ಸೀಮೆಸುಣ್ಣ ಬಳಿದು ಚಕ್ರ ತಿರುಗಿಸಿ ಒಂದೆರಡು ಸಲ ಬ್ರೇಕ್ ಹಿಡಿದು ಬಿಚ್ಚಿ, ಸುಣ್ಣ ಅಳಿಸಿರೋ ಜಾಗ ಮಾತ್ರ ಡ್ರಮ್ಮಿಗೆ ತಾಗ್ತಿದೆ. ಅಂಗೈ ಅಗಲ ಶೂನಲ್ಲಿ ಎರಡು ಬೆರಳಷ್ಟು ತಾಗ್ತಿದ್ರೆ ಬ್ರೇಕ್ ಎಲ್ಲಿಂದ ಹಿಡೀಬೇಕು? ಉಬ್ಬಿರೋದನ್ನ ಅರದಲ್ಲಿ ಸ್ವಲ್ಪ ಸ್ವಲ್ಪ ಉಜ್ಜಿ, ಬಾಯಿಗೆ ಬಟ್ಟೆ ಕಟ್ಕೊಂಡು. ಕೊನೇಲಿ ಆಕ್ಸಲ್ ನಟ್ ಟೈಟ್ ಮಾಡುವಾಗ ಬ್ರೇಕ್ ಲಿವರ್ ಗಟ್ಟಿಯಾಗಿ ಒತ್ತಿ ಹಿಡಿದೇ ಟೈಟ್ ಮಾಡಿ, ಶೂ ನಡುವಿಗೆ ಕೂರುತ್ತೆ. ಬ್ರೇಕ್ ಪೂರ್ತಿ ಹಿಡಿದಾಗ ಕೇಬಲಿಗೂ ಕೆಳಗೆ ಡ್ರಮ್ ಹತ್ರ ಕೇಬಲ್ ಎಳೆಯೋ ಕ್ಯಾಮ್ ಲಿವರಿಗೂ ಮಧ್ಯೆ 90 ಡಿಗ್ರಿ ಹತ್ರ ಇರ್ಬೇಕು, ಅದನ್ನ ದಾಟಿದ್ರೆ ಎಷ್ಟು ಒತ್ತಿದ್ರೂ ಬಲ ವೇಸ್ಟ್.

ಇನ್ನೊಂದು, ಇದು ಟೂ ಸ್ಟ್ರೋಕ್, ಇಂಜಿನ್ ಆಯಿಲನ್ನ ಪೆಟ್ರೋಲಿಗೇ ಬೆರೆಸಿ ಹಾಕೋ ಗಾಡಿ. ಇಳಿಜಾರಲ್ಲಿ ಎಕ್ಸಲೇಟರ್ ಪೂರ್ತಿ ಮುಚ್ಚಿ ಗೇರಲ್ಲೇ ಉದ್ದಕ್ಕೆ ಬಿಟ್ರೆ ಪೆಟ್ರೋಲ್ ಜೊತೆ ಆಯಿಲ್ಲೂ ಇಂಜಿನ್ನಿಗೆ ಹೋಗಲ್ಲ, ಆಗಾಗ ಸ್ವಲ್ಪ ಎಳೀತಾ ಇರಿ.

ಪ್ರಶ್ನೆ: ನಮ್ಮ ಗ್ಯಾರೇಜಲ್ಲಿ ಡ್ರಮ್ ಧೂಳನ್ನ ಏರ್ ಹೊಡೆದು ತೆಗೀತಾರೆ, ತೊಂದರೆ ಇದ್ಯಾ?
— ಹಾಸನದ ಓದುಗರು

ಉತ್ತರ: ಇದೆ. ಹಳೇ ಲೈನರಲ್ಲಿ ಆಸ್ಬೆಸ್ಟಾಸ್ ಇರ್ತಿತ್ತು, ಆ ಧೂಳು ಪುಪ್ಪಸಕ್ಕೆ ಹೋದ್ರೆ ಈಚೆ ಬರಲ್ಲ. ಸೋಪ್ ನೀರು ಹಾಕಿ ಒದ್ದೆ ಬಟ್ಟೇಲಿ ಒರೆಸಿ ಅಂತ ಹೇಳಿ, ನೀವೂ ಪಕ್ಕದಲ್ಲಿ ಟೀ ಕುಡೀತಾ ನಿಂತ್ಕೋಬೇಡಿ.

ಪ್ರಶ್ನೆ: ಹಳೇ ಬುಲೆಟ್‌ಗೆ ಮುಂದೆ ಡಿಸ್ಕ್ ಹಾಕ್ಸಲಾ ಅಣ್ಣ?
— ಸಕಲೇಶಪುರದ ಓದುಗರು

ಉತ್ತರ: ಹಳೇ ಫೋರ್ಕಲ್ಲಿ ಡಿಸ್ಕನ್ನ ಒತ್ತಿ ಹಿಡಿಯೋ ಕ್ಯಾಲಿಪರ್ ಕೂರ್ಸೋಕೆ ಜಾಗಾನೇ ಇಲ್ಲ. ಅಲ್ಲಿಗೆ ಪಟ್ಟಿ ವೆಲ್ಡ್ ಮಾಡಿಸ್ಕೊಂಡು ಶಿರಾಡಿ ಘಾಟಿ ಇಳಿಯೋ ಧೈರ್ಯ ನನಗಂತೂ ಇಲ್ಲಪ್ಪ. ಹಾಕ್ಸಲೇಬೇಕು ಅಂದ್ರೆ ಡಿಸ್ಕ್ ಮಾಡೆಲಿನ ಫೋರ್ಕು, ಹಬ್ಬು, ಮಾಸ್ಟರ್ ಸಿಲಿಂಡರ್ ಪೂರ್ತಿ ಸೆಟ್ ತರಬೇಕು, ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ನಲ್ಲಿ ಗಾಡಿ ಮಾರ್ಪಾಡಿಗೆ ನಿಯಮ ಇದೆ, ಮೊದ್ಲು ಆರ್‌ಟಿಒದಲ್ಲಿ ವಿಚಾರಿಸಿ. ಅದಕ್ಕಿಂತ ಮುಂಚೆ ಮೇಲೆ ಆಲ್ದೂರಿನವರಿಗೆ ಬರೆದ ಸೀಮೆಸುಣ್ಣದ ಕೆಲಸ ಒಂದು ಭಾನುವಾರ ಕೂತು ಮಾಡಿ ನೋಡಿ.