ಜೇಕು ಕೀಳುವ ಮುನ್ನ ನೀರು ಬಿಡಿ

ನಮಸ್ಕಾರ ರೀ. ಕಲಬುರಗಿಯಲ್ಲಿ ಮನೆ ಮುಂದಿನ ಲಾನ್ ತುಂಬ ಜೇಕು (ಗಡ್ಡೆಯಿಂದ ಬೆಳೆಯುವ ಹುಲ್ಲಿನಂಥ ಕಳೆ), ಕಾಂಗ್ರೆಸ್ ಕಸ (ಪಾರ್ಥೇನಿಯಂ ಗಿಡ) ಎದ್ದಿದೆ, ಮಕ್ಕಳು ಆಡುವ ಜಾಗ, ಔಷಧಿ ಹೊಡೆಯದೆ ಏನು ಮಾಡಲಿ ಅಂತ ಕೇಳಿದ್ದೀರಿ. ಔಷಧಿ ಬೇಡ ಅಂದಿದ್ದು ಒಳ್ಳೆಯದೇ ಆಯಿತು.

ನಿಜವಾದ ತಲೆನೋವು ಜೇಕು. ಸುಮ್ನೆ ಹಿಡಿದು ಎಳೆದರೆ ಎಲೆಯಷ್ಟೇ ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ಒಂದು ಗಡ್ಡೆಯಿಂದ ಇನ್ನೊಂದಕ್ಕೆ ದಾರದಂಥ ಬೇರು ಹೋಗಿರುತ್ತದೆ. ನಮ್ಮ ಎರೆ ಮಣ್ಣು ಒಣಗಿದರೆ ಕುರ್ಪಿ ಇಳಿಯಲ್ಲ, ತೀರಾ ಹಸಿಯಾದರೆ ಅಂಟುತ್ತದೆ. ಹಾಗಾಗಿ ಹಿಂದಿನ ದಿನ ನೀರು ಬಿಟ್ಟು, ಮರುದಿನ ಆಳಕ್ಕೆ ಕುರ್ಪಿ ಹಾಕಿ ಆ ಕಪ್ಪು ಗಡ್ಡೆ ಸಮೇತ ಎತ್ತಿ. ಮತ್ತೆ ಚಿಗುರುತ್ತದೆ, ಬೇಜಾರಾಗಬೇಡಿ. ಚಿಗುರು ಕಂಡಾಗಲೆಲ್ಲ ಕೀಳುತ್ತಿದ್ದರೆ ಒಳಗಿನ ಗಡ್ಡೆಯ ಕಸುವು ಕಡಿಮೆಯಾಗುತ್ತದೆ.

ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಬೇರುಸಹಿತ ಕೀಳಿ. ಕೈಗವಸು ಬೇಕೇ ಬೇಕು, ಕೆಲವರಿಗೆ ಮೈಯೆಲ್ಲ ತುರಿಕೆ ಬರುತ್ತದೆ.

ಹುಲ್ಲು ದಟ್ಟವಾಗಿದ್ದರೆ ಕಳೆಗೆ ಜಾಗ ಸಿಗಲ್ಲ, ಅಲ್ವಾ? ಗರಿಕೆ ಲಾನ್ ಆದರೆ 3-4 ಸೆಂ.ಮೀ. ಎತ್ತರ ಬಿಡಿ, ಬುಡದವರೆಗೆ ಬೋಳಿಸಬೇಡಿ. ದಿನಾ ಚಿಮುಕಿಸುವ ಬದಲು ಬಿಟ್ಟು ಬಿಟ್ಟು ಚೆನ್ನಾಗಿ ನೆನೆಸಿ. ಪೂರ್ತಿ ಕಳಿಯದ ಸಗಣಿ ಗೊಬ್ಬರ ಮಾತ್ರ ಹಾಕಬೇಡಿ, ಅದರ ಜೊತೆ ಕಳೆ ಬೀಜವೂ ಬರುತ್ತದೆ. ಬೋಳಾದ ಕಡೆ ಮಳೆ ಹಿಡಿದ ಮೇಲೆ ಗರಿಕೆ ತುಂಡು ಊರಿ.